ಅಡಿಗೆಮನೆಯ ಎರಡು ಬಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹೇಳಿಹೋದ ಹಿರಿಯರು ‘ಅಡಿಗೆಮನೆಯನ್ನು ತಿದ್ದಿಸಿ ನೋಡು’ ಎಂಬ ಮೂರನೆಯ ಮಾತನ್ನು ಏಕೆ ಸೇರಿಸಲಿಲ್ಲವೆಂಬುದು ಕೆಲವು ತಿಂಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ. ಮನೆ ಕಟ್ಟುವಾಗ ಎದುರಿಗಿರುವುದು ಬರಿಯ ಬಯಲು. ಬಯಲು ಯಾವ ಆಕ್ಷೇಪಣೆಯನ್ನೂ ಎತ್ತುವುದಿಲ್ಲ. ಮದುವೆಯ ಗದ್ದಲವೂ ನಾಲ್ಕು ದಿನದಲ್ಲಿ ಮುಗಿಯುತ್ತದೆ. ಅಡಿಗೆಮನೆಯಾದರೋ ದಿನಕ್ಕೆ ಮೂರು ಹೊತ್ತು ನಡೆಯುತ್ತಿರುವ ಸಂಸ್ಥಾನ. ಆಳುತ್ತಿರುವ ಸಂಸ್ಥಾನದ ಸಿಂಹಾಸನವನ್ನು ಪಲ್ಲಟಗೊಳಿಸುವುದು ಎಷ್ಟು ಸೂಕ್ಷ್ಮವಾದ ಕಾರ್ಯವೆಂಬುದನ್ನು ಚರಿತ್ರೆ ಓದಿದವರೆಲ್ಲ ಬಲ್ಲರು. ನಮ್ಮ ಸಂಸ್ಥಾನದಲ್ಲಿಯಂತೂ ರಾಣಿಯರು ಇಬ್ಬರು: ನನ್ನ ತಾಯಿ ಮತ್ತು ನನ್ನ ಶ್ರೀಮತಿ.

ಜಗಳೂರಿನಲ್ಲಿರುವ ನಮ್ಮ ಮನೆ ತಂದೆಯವರ ಕಾಲದ್ದು. ಅಡಿಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ, ಗೋಡೆಯಲ್ಲಿ ಮೂರು ಗೂಡು, ಮೇಲೊಂದು ನಾಗೊಂದಿಗೆ. ಕಟ್ಟೆಯ ಕೆಳಗೆ ಪರದೆ. ಪರದೆಯ ಹಿಂದೆ ಇರುವುದನ್ನು ವರ್ಣಿಸುವುದು ಸಭ್ಯತೆಯಲ್ಲ. ಇದನ್ನು ಬದಲಾಯಿಸಿ, ಕೆಳಗೊಂದು ಬಣ್ಣ ಮೇಲೊಂದು ಬಣ್ಣದ ಕಪಾಟುಗಳನ್ನು ಮಾಡಿಸಬೇಕೆಂಬುದು ಶ್ರೀಮತಿಯವರ ಸಂಕಲ್ಪ. ಇಬ್ಬರೂ ದಾವಣಗೆರೆಗೆ ಹೋಗಿ ಅಂಗಡಿಗಳನ್ನು ಸುತ್ತಿದೆವು. ಅಂಗೈಯಗಲದ ಲ್ಯಾಮಿನೇಟ್ ತುಂಡುಗಳನ್ನು ಚೀಲದ ತುಂಬ ಹೊತ್ತು ತಂದೆವು. ಒಂದು ಅಂಗಡಿಯವರು ನಮ್ಮ ಅಡಿಗೆಮನೆಯ ಅಳತೆಯನ್ನು ಕೇಳಿ, ಕಂಪ್ಯೂಟರಿನಲ್ಲಿ ಒಂದು ಚಿತ್ರವನ್ನೂ ಬರೆದುಕೊಟ್ಟರು. ಚಿತ್ರ ಮನೋಹರವಾಗಿತ್ತು. ತೂಗುದೀಪವಿತ್ತು, ಹೂದಾನಿಯಿತ್ತು, ಹೂದಾನಿಯ ಪಕ್ಕದಲ್ಲಿ ಎರಡು ನಿಂಬೆಹಣ್ಣೂ ಇದ್ದವು. ಇಲ್ಲದಿದ್ದುದು ನೀರಿನ ಡ್ರಮ್ಮಿಗೆ ಜಾಗ.

ಓದುಗರು ನಗಬಾರದು. ಮಳೆ ಕೈಕೊಡುವುದನ್ನೇ ಪದ್ಧತಿ ಮಾಡಿಕೊಂಡಿರುವ ಸೀಮೆ ನಮ್ಮದು. ನಮ್ಮ ಬೀದಿಯ ನಲ್ಲಿ ತನಗೆ ಮನಸ್ಸು ಬಂದ ದಿನ ಮಾತ್ರ ಮಾತನಾಡುತ್ತದೆ. ಆದ್ದರಿಂದ ಇಲ್ಲಿ ಅಡಿಗೆಮನೆಯ ನಕ್ಷೆ ಬರೆಯುವವನು ಮೊದಲು ನೀರಿಗೆ ಸ್ಥಳ ಗುರುತಿಸಿ, ಆಮೇಲೆ ಬೆಂಕಿಗೆ ಗುರುತಿಸಬೇಕು. ಕ್ರಿ.ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಮನೆ ಕಟ್ಟುವ ವಾಸ್ತು, ನೆಲದೊಳಗಿನ ನೀರನ್ನು ಗುರುತಿಸುವ ವಿದ್ಯೆ, ಪಾಕ ಮಾಡುವ ಸೂಪಶಾಸ್ತ್ರ ಇವೆಲ್ಲವನ್ನೂ ಒಂದೇ ಗ್ರಂಥದೊಳಗೆ ಸೇರಿಸಿದ. ತರಗತಿಯಲ್ಲಿ ಪಾಠ ಹೇಳುವಾಗ, ಸಂಬಂಧವಿಲ್ಲದ ವಿಷಯಗಳನ್ನು ಈತ ಒಂದೆಡೆ ಪೇರಿಸಿದ್ದಾನೆಂದು ಕೆಲವು ವಿದ್ಯಾರ್ಥಿಗಳು ಮುಗುಳ್ನಗುವುದುಂಟು. ಅವರು ಒಂದು ಬೇಸಿಗೆ ನಮ್ಮ ಮನೆಯಲ್ಲಿ ಅಡಿಗೆ ಮಾಡಿದರೆ ಸಂಬಂಧ ತಾನಾಗಿ ಹೊಳೆದೀತು.

ಅಡಿಗೆಯ ಬಗೆಗೆ ನಮ್ಮ ಕವಿಗಳಿಗೆ ಉದಾಸೀನವೇನೂ ಇರಲಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನೇ ಬರೆದ. ಆದರೆ ಉಣ್ಣುವ ಪದಾರ್ಥಕ್ಕೆ ದೊರೆತ ಗೌರವ ಬೇಯಿಸುವವಳ ಬೆನ್ನಿಗೆ ದೊರೆತದ್ದು ತೀರ ಈಚೆಗೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕಾರ್ಮಿಕರಿಗಾಗಿ ಹೊಸ ಮನೆಗಳನ್ನು ಕಟ್ಟುತ್ತಿದ್ದಾಗ, ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ಮಹಿಳಾ ವಾಸ್ತುಶಿಲ್ಪಿ ಒಂದು ಅಡಿಗೆಮನೆಯನ್ನು ರೂಪಿಸಿದರು. ಅಗಲ ಎರಡು ಮೀಟರಿಗೂ ಕಡಮೆ, ಉದ್ದ ಮೂರೂವರೆ ಮೀಟರಿನಷ್ಟು. ರೈಲುಗಾಡಿಯ ಪಾಕಶಾಲೆಯಿಂದ ಪಾಠ ಕಲಿತು, ಗೃಹಿಣಿಯ ಒಂದೊಂದು ಹೆಜ್ಜೆಯನ್ನೂ ಎಣಿಸಿ, ಕಪಾಟು, ಕಟ್ಟೆ, ತೊಟ್ಟಿಗಳನ್ನು ಒಂದೇ ಸಾಲಿಗೆ ಜೋಡಿಸಿದರು. ಅಂತಹವು ಸುಮಾರು ಹತ್ತು ಸಾವಿರ ಸಿದ್ಧವಾದವು. ಕಪಾಟುಗಳಿಗೆ ನೀಲಿ-ಹಸಿರು ಬಣ್ಣ ಬಳಿಸಿದರು, ನೊಣಗಳು ಆ ಬಣ್ಣದ ಮೇಲೆ ಕೂರುವುದಿಲ್ಲವೆಂಬ ನಂಬಿಕೆಯಿಂದ! ಇಂದು ಅಂಗಡಿಗಳಲ್ಲಿ ‘ಮಾಡ್ಯುಲರ್ ಕಿಚನ್’ ಎಂದು ಮಾರುವುದೆಲ್ಲ ಅದರ ಸಂತಾನವೇ. ಅದನ್ನು ರೂಪಿಸುವವರೆಗೆ ತಾವು ಅಡಿಗೆಯನ್ನೇ ಮಾಡಿರಲಿಲ್ಲವೆಂದು ಆ ಮಹಾತಾಯಿ ಹೇಳಿಕೊಂಡಿದ್ದರೆಂಬುದು ನನ್ನಂತಹ ಪುರುಷರಿಗೆ ಧೈರ್ಯ ಕೊಡುವ ಸಂಗತಿ.

ಇರಲಿ. ಎರಡು ಬಣ್ಣದ ಈ ವಿಚಾರ ಹೊರದೇಶದ ಷೋಕಿಯೆಂದು ನಾನು ಮೊದಲು ಭಾವಿಸಿದ್ದೆ. ಯೋಚಿಸಿದಂತೆಲ್ಲ ನನ್ನ ಅಜ್ಜಿಯ ಮಾಳಿಗೆಮನೆ ಕಣ್ಣಮುಂದೆ ನಿಂತಿತು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಗೋಡೆಯ ಕೆಳಭಾಗಕ್ಕೆ ಸೊಂಟದೆತ್ತರ ಕೆಮ್ಮಣ್ಣು, ಅದರ ಮೇಲೆ ಸುಣ್ಣ. ಹಬ್ಬ ಬಂದಿತೆಂದರೆ ಹೆಂಗಸರು ಬಟ್ಟೆಯ ಉಂಡೆಯನ್ನು ಕೆಮ್ಮಣ್ಣಿನಲ್ಲಿ ಅದ್ದಿ, ಗೆರೆ ಹೊಡೆದಂತೆ ನೇರವಾಗಿ ಬಳಿಯುತ್ತಿದ್ದರು. ಅದು ಬರಿಯ ಅಲಂಕಾರವಾಗಿರಲಿಲ್ಲ. ಮಕ್ಕಳು ಒರಗುವುದು, ನೀರು ಸಿಡಿಯುವುದು, ಕೈ ಒರಸುವುದು ಎಲ್ಲವೂ ಗೋಡೆಯ ಕೆಳಭಾಗಕ್ಕೇ. ಕೊಳೆಯನ್ನು ಕೆಂಪು ನುಂಗಿಕೊಳ್ಳುತ್ತಿತ್ತು. ಗವಾಕ್ಷಿಯಿಂದ ಇಳಿದ ಅಷ್ಟಿಷ್ಟು ಬೆಳಕನ್ನು ಮೇಲಿನ ಸುಣ್ಣ ಮನೆಯೆಲ್ಲ ಹಂಚುತ್ತಿತ್ತು. ಕೆಳಗೆ ಗಾಢವರ್ಣ, ಮೇಲೆ ತಿಳಿವರ್ಣ ಎಂಬ ಅಂಗಡಿಯವರ ಸೂತ್ರಕ್ಕೂ ಇದೇ ಕಾರಣ. ಅಡಿಗೆಮನೆಯೊಂದರಲ್ಲಿ ಮಾತ್ರ ಈ ವ್ಯವಸ್ಥೆ ಸೋಲುತ್ತಿತ್ತು: ಸೌದೆಯ ಹೊಗೆ ಮೇಲಿನ ಸುಣ್ಣವನ್ನು ಮಸಿಯಾಗಿಸುತ್ತಿತ್ತು, ಅಜ್ಜಿಯ ಪುಪ್ಪುಸಗಳನ್ನೂ ಬಿಡುತ್ತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಹೊಗೆಯನ್ನು ಕೊಳವೆಯಲ್ಲಿ ಹೊರಗಟ್ಟುವ ಒಲೆಯನ್ನು ರೂಪಿಸಿದರು. ಅನಂತರ ಅನಿಲದ ಸಿಲಿಂಡರು ಬಂದಿತು. ಬಿಳಿಯ ಕಪಾಟನ್ನು ಒಲೆಯ ಪಕ್ಕದಲ್ಲಿ ತೂಗುಹಾಕುವ ಧೈರ್ಯ ನಮಗೆ ಬಂದದ್ದು ಹೊಗೆ ಹೋದ ಮೇಲೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಅವ್ವನಿಗೆ ಅರವತ್ತೆಂಟು ವರ್ಷ. ಎರಡು ಕಣ್ಣಿಗೂ ಗ್ಲಾಕೋಮಾ. ಈ ರೋಗದಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಉಳಿದದ್ದನ್ನು ತಪ್ಪದೆ ಔಷಧಿ ಹಾಕಿ ಕಾಪಾಡಿಕೊಳ್ಳಬೇಕು. ವಸ್ತು ಕಂಡರೂ, ಒಂದೇ ಬಣ್ಣದ ಎರಡು ವಸ್ತುಗಳ ನಡುವಿನ ಗಡಿ ಕಾಣದಾಗುತ್ತದೆ. ಕಳೆದ ವರ್ಷ ಬಂಧುಗಳೊಬ್ಬರ ಹೊಸ ಮನೆಗೆ ಹೋಗಿದ್ದೆವು. ಅಲ್ಲಿ ಕಟ್ಟೆ ಬಿಳಿ, ಕಪಾಟು ಬಿಳಿ, ನೆಲವೂ ಬಿಳಿ. ಅವ್ವ ಹಾಲಿನ ಪಾತ್ರೆಯನ್ನು ಕಟ್ಟೆಯ ಮೇಲೆ ಇಟ್ಟೆನೆಂದುಕೊಂಡು ಗಾಳಿಯ ಮೇಲೆ ಇಟ್ಟರು. ಮನೆಯವರು ‘ಇರಲಿ ಬಿಡಿ’ ಎಂದರು. ಅವ್ವ ಹೊರಗೆ ಬಂದು ಪಡಸಾಲೆಯಲ್ಲಿ ಕುಳಿತವರು ಊಟಕ್ಕೆ ಕರೆಯುವವರೆಗೂ ಏಳಲಿಲ್ಲ. ನಮ್ಮ ಮನೆಯ ಕೆಲಸದ ಮಾತು ಎದ್ದಾಗ ಅವರು ಹೇಳಿದ್ದು ಇಷ್ಟೇ: “ನನ್ನ ಲೆಕ್ಕ ಹಿಡೀಬ್ಯಾಡಪ್ಪಾ. ನಿಮಿಗೆ ಹೆಂಗ್ ಬೇಕೋ ಹಂಗ್ ಮಾಡಿಸ್ಕಳ್ರಿ.”

ಈ ಮಾತಿನ ಅರ್ಥವನ್ನು ನನಗಿಂತ ಮೊದಲು ತಿಳಿದವಳು ನನ್ನಾಕೆ. ಅವಳು ಆಗಲೇ ಮೆಚ್ಚಿಕೊಂಡಿದ್ದುದು ತಿಳಿಬೂದಿಯ ಕಟ್ಟೆ, ತಿಳಿಬೂದಿಯ ಕೆಳಕಪಾಟು, ಕೆನೆಬಣ್ಣದ ಮೇಲ್ಕಪಾಟು. ಒಂದು ಸಂಜೆ ದೀಪ ಹಾಕುವ ಹೊತ್ತಿಗೆ ಆ ತುಂಡುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, “ಅತ್ತೆ, ಇದು ಎಲ್ಲಿಗೆ ಮುಗೀತು, ಅದು ಎಲ್ಲಿಂದ ಶುರುವಾಯ್ತು, ಬೆರಳಿಟ್ಟು ತೋರಿಸ್ರಿ” ಎಂದು ಕೇಳಿದಳು. ಅವ್ವನ ಬೆರಳು ಅಲೆದಾಡಿತು. ಬಳಿಕ ಇಟ್ಟಿಗೆಗೆಂಪಿನ ತುಂಡನ್ನೂ ಬಿಳಿಯ ತುಂಡನ್ನೂ ಇಟ್ಟಳು. ಬೆರಳು ನೇರವಾಗಿ ಗಡಿಯ ಮೇಲೆಯೇ ಬಂದು ನಿಂತಿತು. ಬೂದಿಬಣ್ಣದ ತುಂಡುಗಳು ಅಂದೇ ಚೀಲ ಸೇರಿದವು. ಅವಳು ಒಂದು ಮಾತನ್ನೂ ಆಡಲಿಲ್ಲ. ಆದರೆ ಆ ಬೂದಿಬಣ್ಣವನ್ನು ಅವಳು ಎಷ್ಟು ಆಸೆಪಟ್ಟಿದ್ದಳೆಂಬುದು ನನಗೆ ಗೊತ್ತು.

ಅಲ್ಲಿಂದ ಮುಂದೆ ಎಲ್ಲ ತೀರ್ಮಾನಗಳೂ ಸರಾಗವಾದವು. ಹಳೆಯ ಕಡಪ ಕಲ್ಲನ್ನು ಕೀಳಿಸುವುದಿಲ್ಲ. ಕಪ್ಪುಕಲ್ಲಿನ ಮೇಲೆ ಸ್ಟೀಲಿನ ಪಾತ್ರೆ, ಬಿಳಿಯ ಜೋಳದ ಹಿಟ್ಟು ಸ್ಪಷ್ಟವಾಗಿ ಕಾಣುತ್ತವೆ. ಕಲ್ಲಿನ ಮುಂದಂಚಿಗೆ ಮಾತ್ರ ಎರಡಂಗುಲದ ಬಿಳಿ ಗ್ರಾನೈಟ್ ಪಟ್ಟಿ. ಅದೇ ಅವ್ವನ ಗಡಿರೇಖೆ. ಅದರ ಕೆಳಗೆ ಇಟ್ಟಿಗೆಗೆಂಪಿನ ಕಪಾಟು, ಮೇಲಿನ ಸಾಲಿಗೆ ಸುಣ್ಣದ ಬಿಳುಪು. ಕಪಾಟಿನ ಮೈ ಹೊಳಪಿನದಾಗಿರಬಾರದು. ಹೊಳಪಿನ ಮೇಲೆ ದೀಪ ಪ್ರತಿಫಲಿಸಿ ಮಂದದೃಷ್ಟಿಯವರ ಕಣ್ಣು ಕೋರೈಸುತ್ತದೆ. ಅಲ್ಲದೆ ನಮ್ಮ ಕೊಳವೆಬಾವಿಯ ಗಡಸುನೀರು ಒಣಗಿ ಬಿಟ್ಟುಹೋಗುವ ಬಿಳಿಯ ಕಲೆಯೂ, ಬೇಸಿಗೆಯ ಧೂಳೂ ಅದರ ಮೇಲೆ ಜಾಹೀರಾತಿನಂತೆ ಎದ್ದು ತೋರುತ್ತವೆ. ಲೋಹವೆಲ್ಲ ಒಂದೇ ಬಗೆಯದಾಗಿರಲಿ: ನಲ್ಲಿ, ಹಿಡಿ ಎಲ್ಲವೂ ಮಂದಹೊಳಪಿನ ಸ್ಟೀಲು. ಹಿಡಿಯೇ ಇಲ್ಲದ ಬಾಗಿಲು ಈಗಿನ ಷೋಕಿಯಂತೆ. ಸಂದುನೋವಿನ ಬೆರಳುಗಳಿಗೆ ಉದ್ದನೆಯ ಹಿಡಿಯೇ ವಾಸಿ.

ಹಲಗೆಯ ವಿಚಾರದಲ್ಲಿ ನಮ್ಮ ಬಡಗಿಯವರೇ ನನಗೆ ಗುರು. “ಬಣ್ಣ ಮೇಲಿಂದು ಸರ್, ಬಾಳಿಕೆ ಒಳಗಿಂದು” ಎಂದು ಅವರ ಸಿದ್ಧಾಂತ. ತೊಟ್ಟಿಯ ಕೆಳಗೆ ಐ.ಎಸ್. 710 ಮುದ್ರೆಯ, ನೀರು ತಾಳುವ ಪ್ಲೈವುಡ್ಡು. ಒಣಗಿದ ಜಾಗಕ್ಕೆ ಐ.ಎಸ್. 303 ಸಾಕು. ಕತ್ತರಿಸಿದ ಅಂಚುಗಳಿಗೆಲ್ಲ ಪಟ್ಟಿ ಅಂಟಿಸಲೇಬೇಕು. ಕಪಾಟು ನೆಲಕ್ಕೆ ತಾಗದೆ ಕಾಲುಗಳ ಮೇಲೆ ನಿಂತರೆ ತೇವವೂ ಗೆದ್ದಲೂ ದೂರ. ಅಂಗಡಿಯ ದೀಪದಲ್ಲಿ ಬಣ್ಣ ಆರಿಸಬಾರದೆಂಬುದೂ ಅವರ ಉಪದೇಶವೇ. ತುಂಡನ್ನು ಅಡಿಗೆಮನೆಯಲ್ಲಿ ನೆಟ್ಟಗೆ ನಿಲ್ಲಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ನೋಡಬೇಕು. ಮಲಗಿಸಿದಾಗ ಕಾಣುವ ಬಣ್ಣ ನಿಲ್ಲಿಸಿದಾಗ ಇರುವುದಿಲ್ಲ.

ಇನ್ನುಳಿದದ್ದು ಎತ್ತರ. ನನ್ನಾಕೆ ನಿಂತು ಬೇಯಿಸುವವಳು. ಅವಳಿಗೆ ಕಟ್ಟೆ ಮೂವತ್ತಮೂರು ಅಂಗುಲವಿರಬೇಕು. ಅವ್ವ ಕುಳಿತು ರೊಟ್ಟಿ ತಟ್ಟುವವರು. ಕಿಟಕಿಯ ಕೆಳಗೆ, ಬೆಳಕು ಬೀಳುವ ಮೂರಡಿಯಷ್ಟು ಜಾಗದಲ್ಲಿ ಕಟ್ಟೆಯನ್ನು ಇಪ್ಪತ್ತೆಂಟು ಅಂಗುಲಕ್ಕೆ ಇಳಿಸುತ್ತೇವೆ. ಅದರಡಿಯಲ್ಲಿ ಕಪಾಟಿಲ್ಲ; ಕುರ್ಚಿ ಎಳೆದುಕೊಂಡು ಕುಳಿತಾಗ ಮೊಣಕಾಲಿಗೆ ಜಾಗ ಬೇಕು. ಮೂರಡಿಯ ಕಪಾಟು ಖೋತಾ ಆಯಿತೆಂದು ಅಂಗಡಿಯವರು ಮರುಗಿದರು. ಚಿತ್ರದಲ್ಲಿದ್ದ ಹೂದಾನಿಯ ಮೂಲೆ ಈಗ ನೀರಿನ ಡ್ರಮ್ಮಿನ ಪಾಲಾಗಿದೆ.

ಈ ಯೋಜನೆಯನ್ನೆಲ್ಲ ಓದಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ರೊಟ್ಟಿ ಹಲಗೆ ಕಿಟಕಿ ಎಡಕ್ಕೆ ಇಡ್ರಿ, ಬಲಗೈ ನೆಳ್ಳು ಹಿಟ್ಟಿನ ಮ್ಯಾಲೆ ಬೀಳ್ತತಿ” ಎಂದರು. ತಮ್ಮ ಲೆಕ್ಕ ಹಿಡಿಯಬೇಡಿರೆಂದವರು ಅಂಗುಲದ ಲೆಕ್ಕಕ್ಕೆ ಇಳಿದದ್ದನ್ನು ಕಂಡು ಅತ್ತೆ ಸೊಸೆ ಇಬ್ಬರನ್ನೂ ಅಲ್ಲಿಯೇ ಬಿಟ್ಟು ನಾನು ಈಚೆಗೆ ಬಂದೆ. ಬಣ್ಣಗಳಿಗೆ ಆ ಲ್ಯಾಮಿನೇಟ್ ಪುಸ್ತಕದಲ್ಲಿ ಉದ್ದುದ್ದನೆಯ ಇಂಗ್ಲಿಷ್ ಹೆಸರುಗಳಿವೆ. ಬಡಗಿಯವರು ಅದೊಂದನ್ನೂ ಬರೆದುಕೊಳ್ಳಲಿಲ್ಲ. ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ‘ಕೆಳಗೆ ಕೆಮ್ಮಣ್ಣು, ಮೇಲೆ ಸುಣ್ಣ’ ಎಂದು ತಮ್ಮ ಚೀಟಿಯಲ್ಲಿ ಗುರುತು ಹಾಕಿಕೊಂಡರು. ದೀಪಾವಳಿ ಕಳೆದ ಮೇಲೆ ಕೆಲಸ ಆರಂಭ. ಅಲ್ಲಿಂದ ಹದಿನೈದು ದಿನ ನಮ್ಮ ಒಲೆ ಜಗುಲಿಯ ಮೇಲೆ. ಆ ದಿನಗಳಲ್ಲಿ ಜಗಳೂರಿಗೆ ಬಂದವರಿಗೆ ರೊಟ್ಟಿ ಬೀದಿಯಲ್ಲಿಯೇ ಸಿಕ್ಕೀತು.