ಕೆಂಪು ಸೀಲಿನ ಹೆದರಿಕೆ



ಪೋಸ್ಟು ಸ್ವಲ್ಪ ಉದ್ದ ಇದೆ. ಆದ್ರೂ ಪೂರ್ತಿ ಓದಿ. ನಿಮ್ಮ ಮನೆಯ ಹಳೇ ಟ್ರಂಕಿನಲ್ಲೂ ಇಂಥದ್ದೊಂದು ಕಾಗದ ಇರಬಹುದು.

ನಮ್ಮೂರು ಸಿದ್ದಾಪುರ ತಾಲೂಕಿನ ಹೇರೂರು. ಅಡಿಕೆ ಸೀಮೆ. ತೋಟ ಒಡೇರದ್ದು, ಕೊನೆ ಹೊರೋ ತಲೆ ನಮ್ಮದು. ಅಂಥಾದ್ರಲ್ಲಿ ನಮ್ಮಜ್ಜನ ಹೆಸರಿಗೆ ಸರ್ಕಾರದಿಂದ ಮಂಜೂರಾದ 1 ಎಕರೆ 10 ಗುಂಟೆ ಗದ್ದೆ ಇತ್ತು. 1994ರಲ್ಲಿ ಅಕ್ಕನ ಮದುವೆಗೆ ಅಂತ ಅಪ್ಪ 8,000 ರೂಪಾಯಿ ಕೈಗಡ ತಂದ. ಕೊಟ್ಟವರು ಅವನನ್ನ ಪೇಟೆಗೆ ಕರಕೊಂಡು ಹೋಗಿ ಒಬ್ಬ ನೋಟರಿಯ ಆಫೀಸಿನ ಹೊರಗಿನ ಬೆಂಚಲ್ಲಿ ಕೂರಿಸಿದರು. ಒಳಗೆ ಕರೆಯಲಿಲ್ಲ. ಇಂಕ್ ಪ್ಯಾಡೇ ಹೊರಗೆ ಬಂತು. ಕಾಗದದಲ್ಲಿ ಏನಿದೆ ಅಂತ ಯಾರೂ ಓದಿ ಹೇಳಲಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿದ.

ಮಾರನೇ ವರ್ಷ ಉಳುಮೆಗೆ ಹೋದರೆ, "ಗದ್ದೆ ನೀನು ಮಾರಿದ್ದಲ್ಲನ? ನೋಟರಿ ಆಗದೆ ನೋಡು" ಅಂತ ಕಾಗದ ತೋರಿಸಿದರು. ಅಪ್ಪ ಜಗಳ ಆಡಲಿಲ್ಲ. ಅವನಿಗೆ ಕಂಡಿದ್ದು ಕೆಂಪು ಸೀಲು ಒಂದೇ. "ಸರ್ಕಾರದ ಸೀಲು ಬಿದ್ಮೇಲೆ ಮುಗ್ದೋಯ್ತು ತಮಾ" ಅಂದ. ಸಾಯೋವರೆಗೂ ತನ್ನ ಗದ್ದೆಯಲ್ಲೇ ಕೂಲಿಗೆ ಹೋದ.

ನಾನು ಚಳವಳಿಗೆ ಬಂದು, ನಾಲ್ಕು ಕಾನೂನು ಪುಸ್ತಕ ಓದಿದ ಮೇಲೆ ಒಂದು ದಿನ ಪಹಣಿ ತೆಗೆಸಿದೆ. 9ನೇ ಕಾಲಮ್ಮಿನಲ್ಲಿ ಇನ್ನೂ ಅಜ್ಜನ ಹೆಸರೇ ಇತ್ತು! ಅವತ್ತು ನಾನು ಅತ್ತಿದ್ದು ಖುಷಿಗಲ್ಲ. ಅಪ್ಪನನ್ನ ಅಷ್ಟು ವರ್ಷ ಹೆದರಿಸಿ ಇಟ್ಟಿದ್ದು ಒಂದು ರಬ್ಬರ್ ಸೀಲು ಅಂತ ಗೊತ್ತಾಗಿ ಅತ್ತೆ.

ನೋಟರಿ ಅಂದ್ರೆ ಯಾರು? 1952ರ ನೋಟರಿ ಕಾಯ್ದೆಯಡಿ ಸರ್ಕಾರ ನೇಮಿಸಿದ ಒಬ್ಬ ವಕೀಲ. ಅವರು ಪ್ರಮಾಣ ಮಾಡಿಸ್ತಾರೆ, ಪತ್ರಕ್ಕೆ ಇಂಥವರೇ ಸಹಿ ಮಾಡಿದರು ಅಂತ ದೃಢೀಕರಿಸ್ತಾರೆ. ಅಷ್ಟೇ. ಬರೆದದ್ದೆಲ್ಲ ಸತ್ಯ ಅಂತ ಆ ಸೀಲು ಹೇಳೋದಿಲ್ಲ. ಜಮೀನು ಮಾರಾಟ ಆಗೋದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಕ್ರಯಪತ್ರದಿಂದ, ನೋಟರಿ ಕರಾರಿನಿಂದ ಅಲ್ಲ. ಅದಕ್ಕಿಂತ ದೊಡ್ಡ ಮಾತು, 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡಿದರೆ ಅದು ಅಸಿಂಧು. "ತಡವಾಗಿ ಬಂದ್ರಿ" ಅಂತ ಅರ್ಜಿ ತಳ್ಳಿಹಾಕಬಾರದು ಅಂತಲೇ 2023ರಲ್ಲಿ ಅದಕ್ಕೆ ತಿದ್ದುಪಡಿ ತಂದರು. ನಾವೂ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿದ್ದೇವೆ. ಕೇಸು ನಡೀತಾ ಇದೆ.

ಈಗ ನನ್ನದೇ ತಪ್ಪು ಹೇಳ್ತೇನೆ. ಅರ್ಜಿ, ಅಫಿಡವಿಟ್ಟು ಅಂತ ನಮ್ಮವರನ್ನ ನೋಟರಿ ಹತ್ರ ಕರಕೊಂಡು ಹೋಗೋ ಕೆಲಸ ನಾನೂ ಎಷ್ಟೋ ವರ್ಷ ಮಾಡಿದೆ. "ಬೇಗ ಒತ್ತಿ ಅಮ್ಮಾ, ಬಸ್ಸಿಗೆ ಟೈಮಾಯ್ತು" ಅಂತಿದ್ದೆ. ಅಪ್ಪನಿಗೆ ಅವರು ಮಾಡಿದ್ದನ್ನೇ ನಾನು ಒಳ್ಳೇ ಮನಸ್ಸಿಂದ ಮಾಡ್ತಿದ್ದೆ. ಕಳೆದ ತಿಂಗಳು ವಂಶವೃಕ್ಷದ ಅಫಿಡವಿಟ್ಟಿಗೆ ಬಂದ ನಮ್ಮ ಕೇರಿಯ ದೊಡ್ಡವ್ವ ಒಬ್ಬರು ಹೆಬ್ಬೆಟ್ಟು ಎತ್ತಿ ಹಿಡಕೊಂಡೇ ಕೇಳಿದರು: "ಎಂತ ಬರ್ದದೆ ತಮಾ? ಒಂದ್ಸಲ ಓದು." ಓದಿದೆ. "ನನ್ ಸಣ್ ಮಗಳ ಹೆಸ್ರು ಎಲ್ಲಿ?" ಅಂದರು. ಇರಲಿಲ್ಲ. ಬರೆಸಿದವನು ಗಂಡುಮಕ್ಕಳ ಹೆಸರಷ್ಟೇ ಬರೆಸಿದ್ದ. ಆ ಕಾಗದ ಹರಿದು ಹೊಸದು ಟೈಪ್ ಮಾಡಿಸಿದೆವು. ಬಸ್ಸು ತಪ್ಪಿತು. ತಪ್ಪಲಿ.

ಹಾಗಾಗಿ ಗೆಳೆಯರೇ, ಇಷ್ಟು ನೆನಪಿಡಿ:

ಓದಿ ಹೇಳಿಸದೆ ಹೆಬ್ಬೆಟ್ಟು ಒತ್ತಿಸಬೇಡಿ. ಖಾಲಿ ಕಾಗದಕ್ಕಂತೂ ಬೇಡವೇ ಬೇಡ.

ನೋಟರಿ ಎದುರೇ ಕೂತು ಸಹಿ ಮಾಡಿ, ಹೊರಗಿನ ಬೆಂಚಲ್ಲಿ ಅಲ್ಲ. ಅವರ ರಿಜಿಸ್ಟರಿನಲ್ಲಿ ದಾಖಲಾಯ್ತಾ ನೋಡಿ. ಫೀ ಎಷ್ಟು ಅಂತ ಬೋರ್ಡು ಹಾಕಬೇಕು, ರಸೀದಿ ಕೊಡಬೇಕು ಅಂತ ನಿಯಮದಲ್ಲೇ ಇದೆ. ಕೇಳಿ ಪಡೀರಿ.

ಎಲ್ಲದಕ್ಕೂ ನೋಟರಿ ಬೇಕಿಲ್ಲ. ಎಷ್ಟೋ ಅರ್ಜಿಗಳಿಗೆ ಸ್ವಯಂ ದೃಢೀಕರಣ ಸಾಕು ಅಂತ 2014ರಲ್ಲೇ ಕೇಂದ್ರ ಸರ್ಕಾರ ಹೇಳಿದೆ.

ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ.

ಎಲ್ಎಲ್‌ಬಿ ಓದ್ತಿರೋ ನಮ್ಮ ಹುಡುಗ ಹುಡುಗಿಯರೇ, ನೋಟರಿ ಆಗೋಕೆ ಸಾಮಾನ್ಯವಾಗಿ 10 ವರ್ಷದ ವಕೀಲಿಕೆ ಬೇಕು, ನಮಗೆ 7 ವರ್ಷ ಸಾಕು. ಆ ಕುರ್ಚಿಯಲ್ಲಿ ನೀವೂ ಕೂರಬೇಕು. ಕೂತ ಮೇಲೆ ಹೊರಗಿನ ಬೆಂಚಲ್ಲಿ ಇರೋರನ್ನ ಒಳಗೆ ಕರೀರಿ.

ಇವತ್ತು ಮನೆಗೆ ಹೋಗಿ ಟ್ರಂಕು ತೆಗೀರಿ. ಕಾಗದ ಹೊರಗೆ ತಂದು ಅಪ್ಪ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿ. ನನ್ನಪ್ಪನಿಗೆ ಓದಿ ಹೇಳೋಕೆ ನನಗೆ ಆಗಲಿಲ್ಲ.

ಜೈ ಭೀಮ್.