ಅಜ್ಜಯ್ಯನ ದನಿ ಮತ್ತು ಎಡಗಡೆ ಸ್ಪೀಕರ್

ಈ ತಿಂಗಳ ಗೋಡೆ ಪತ್ರಿಕೆಗೆ ನಾನು ಆಗುಂಬೆ ಪ್ರವಾಸದ ಬಗ್ಗೆ ಬರೆಯುತ್ತೇನೆಂದು ಹೆಸರು ಕೊಟ್ಟಿದ್ದೆ. ಆದರೆ ಆಗುಂಬೆಯಲ್ಲಿ ಅವತ್ತು ಮಂಜು ಮುಸುಕಿ ಎದುರಿಗಿದ್ದವರ ಮುಖವೂ ಕಾಣಲಿಲ್ಲ. ಕಾಣದೇ ಇದ್ದದ್ದನ್ನು ಏನಂತ ಬರೆಯುವುದು? ಅದಕ್ಕೇ ನಮ್ಮ ಮನೆ ಕಂಪ್ಯೂಟರಿನ ಸ್ಪೀಕರ್ ಕೆಟ್ಟ ಕತೆ ಬರೆದಿದ್ದೇನೆ. ನಮ್ಮ ವಿಜ್ಞಾನ ಸರ್ ಕೂಡ ಇದನ್ನೇ ಬರಿ ಎಂದರು.

ನಮ್ಮ ಮನೆಯ ಕಂಪ್ಯೂಟರ್ ಹಳೇದು. ಬೆಂಗಳೂರಿನ ಚಿಕ್ಕಪ್ಪ ಹೊಸದು ತೆಗೆದುಕೊಂಡಾಗ ಹಳೆಯದನ್ನು ಗೋಣಿಚೀಲದಲ್ಲಿ ಸುತ್ತಿ ನಮಗೆ ತಂದುಕೊಟ್ಟರು. ಜೊತೆಗೆ ಎರಡು ಪುಟ್ಟ ಸ್ಪೀಕರ್. ಬಲಗಡೆಯದಕ್ಕೆ ಕರೆಂಟಿನ ವೈರು, ಸೌಂಡ್ ತಿರುಗಿಸುವ ಗುಂಡಿ ಎಲ್ಲ ಇದೆ. ಎಡಗಡೆಯದಕ್ಕೆ ಏನೂ ಇಲ್ಲ, ಬಲಗಡೆಯದರ ಬೆನ್ನಿನಿಂದ ಒಂದು ಸಣ್ಣ ತಂತಿ ಹೋಗುತ್ತದೆ ಅಷ್ಟೆ. ಮೇಜಿನ ಮೇಲೆ ಜಾಗ ಸಾಲದೆ ನಾವು ಎಡಗಡೆಯದನ್ನು ಕಿಟಕಿ ದಂಡೆಯ ಮೇಲೆ ಇಟ್ಟಿದ್ದೆವು.

ಕಂಪ್ಯೂಟರ್ ನಮ್ಮ ಓದಿಗೆ ಅಂತ ಅಪ್ಪ ಹೇಳುವುದು. ನಿಜ ಹೇಳಬೇಕೆಂದರೆ ಅದು ಅಜ್ಜಿಯದು. ನಮ್ಮ ಅಜ್ಜಯ್ಯ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಮಳೆಗಾಲದಲ್ಲಿ ನೆಟ್ಟಿ ಮುಗಿದ ಮೇಲೆ ಯಾರದಾದರೂ ಮನೆಯ ಜಗಲಿಯಲ್ಲಿ ಕೂಟ ಆಗುತ್ತಿತ್ತಂತೆ. 'ಕೃಷ್ಣ ಸಂಧಾನ'ದಲ್ಲಿ ಕೌರವ ಅಂದರೆ ಅಜ್ಜಯ್ಯನೇ ಆಗಬೇಕಿತ್ತಂತೆ. ಒಮ್ಮೆ ಯಾರೋ ಟೇಪ್‌ರೆಕಾರ್ಡರ್ ಇಟ್ಟು ಅದನ್ನು ಕ್ಯಾಸೆಟ್ ಮಾಡಿದ್ದರು. ನಮ್ಮ ಕಡೆಯ ಮಳೆ ಗೊತ್ತಲ್ಲ, ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ಚಿಕ್ಕಪ್ಪ ಹೇಗೋ ಒರೆಸಿ, ಒಂದೇ ಒಂದು ಸಲ ಓಡಿಸಿ, ಕಂಪ್ಯೂಟರಿಗೆ ತುಂಬಿಸಿಕೊಂಡರು. ಆಮೇಲೆ ರೀಲು ತುಂಡಾಯಿತು. ಈಗ ಅಜ್ಜಯ್ಯನೂ ಇಲ್ಲ, ಕ್ಯಾಸೆಟ್ಟೂ ಇಲ್ಲ. ಇರುವುದು ಕಂಪ್ಯೂಟರಿನ ಒಳಗಿರುವ 42 ನಿಮಿಷ ಮಾತ್ರ. ದೀಪ ಹಚ್ಚಿದ ಮೇಲೆ ಅಜ್ಜಿ ಕಬ್ಬಿಣದ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ನಾನೋ ತಮ್ಮನೋ ಹಾಕಿಕೊಡಬೇಕು.

ಪುಷ್ಯ ಮಳೆ ಹಿಡಿದುಕೊಂಡಿತ್ತು. ಎರಡು ದಿನ ಕರೆಂಟು ಇರಲಿಲ್ಲ. ಬಂದ ದಿನ ಸಂಜೆ ನಾನು ಅಜ್ಜಯ್ಯನ ಅರ್ಥ ಹಾಕಿದೆ. ಪರದೆಯ ಮೇಲೆ ಗೆರೆ ಮುಂದೆ ಮುಂದೆ ಹೋಗುತ್ತಿದೆ, ದನಿ ಮಾತ್ರ ಇಲ್ಲ. ಸೌಂಡ್ ಜಾಸ್ತಿ ಮಾಡಿದೆ. ಇಲ್ಲ. ಮ್ಯೂಟ್ ಆಗಿದೆಯೋ ನೋಡಿದೆ, ಆಗಿರಲಿಲ್ಲ. ಹಸಿರು ತೂತಿಗೆ ಹಾಕುವ ಪಿನ್ನನ್ನು ಕಿತ್ತು ಒರೆಸಿ ಮತ್ತೆ ಹಾಕಿದೆ. ಆಮೇಲೆ ಸಿನಿಮಾ ಹಾಡು ಹಾಕಿ ನೋಡಿದರೆ ಅದು ಚೆನ್ನಾಗಿಯೇ ಬಂತು! ಅಂದರೆ ಸ್ಪೀಕರ್ ಸರಿ ಇದೆ, ಅಜ್ಜಯ್ಯನ ದನಿಯೇ ಅಳಿಸಿಹೋಗಿದೆ ಎಂದು ನಾವೆಲ್ಲ ತೀರ್ಮಾನ ಮಾಡಿದೆವು.

ಅಳಿಸಿದ್ದು ಯಾರು? ತಮ್ಮ. ಕರೆಂಟು ಹೋಗುವ ಮುಂಚೆ ಕಂಪ್ಯೂಟರಿನಲ್ಲಿ ಆಟ ಆಡುತ್ತಿದ್ದವನು ಅವನೇ. "ಎಂಥ ಒತ್ತಿದ್ದೀಯ, ನಿಜ ಹೇಳು" ಎಂದು ಅಪ್ಪ ಗದರಿದರು. "ನಾನು ಎಂಥದ್ದೂ ಮಾಡ್ಲಿಲ್ಲ" ಎಂದು ಅವನು ಅತ್ತ. ನಾನೂ ಅವನಿಗೆ ಬೈದೆ. ಅಜ್ಜಿ ಮಾತ್ರ ಯಾರಿಗೂ ಏನೂ ಹೇಳಲಿಲ್ಲ. "ಅವರ ದನಿಯೂ ಹೋಯ್ತಾ" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದರು. ಅವತ್ತು ರಾತ್ರಿ ತಮ್ಮ ಊಟ ಮಾಡಲಿಲ್ಲ.

ಮರುದಿನ ನಾನು ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಶಾಲೆಗೆ ತಂದೆ. ಸರ್ ಶಾಲೆಯ ಕಂಪ್ಯೂಟರಿಗೆ ಹಾಕಿ, ಇಯರ್‌ಫೋನ್ ಸಿಕ್ಕಿಸಿ ಕೇಳಿದರು. ಕೇಳಿ ನಕ್ಕರು. "ಹಾಳಾಗಿಲ್ಲ ಕಣಮ್ಮ, ಎಡಗಿವೀಲಿ ಮಾತ್ರ ಬರ್ತಿದೆ ನೋಡು" ಎಂದು ನನ್ನ ಕಿವಿಗೆ ಇಟ್ಟರು. ಮದ್ದಳೆ ಸದ್ದು, ಅದರ ಹಿಂದೆಯೇ ಅಜ್ಜಯ್ಯ! ಬಲಗಿವಿಯಲ್ಲಿ ಪೂರ್ತಿ ನಿಶ್ಶಬ್ದ.

ಕಾರಣ ಸರ್ ಹೇಳಿದ್ದು ಹೀಗೆ. ಇಯರ್‌ಫೋನ್ ಪಿನ್ನನ್ನು ನೋಡಿ. ಎರಡು ಕಪ್ಪು ಗೆರೆ ಇದ್ದರೆ ಅದಕ್ಕೆ ಮೂರು ಭಾಗ. ತುದಿ ಎಡಕ್ಕೆ, ನಡು ಬಲಕ್ಕೆ, ಬುಡ ಎರಡಕ್ಕೂ ವಾಪಸ್ ದಾರಿ. ಒಂದೇ ಸ್ಪೀಕರಿನ ಹಳೇ ಟೇಪ್‌ರೆಕಾರ್ಡರಿನ ಪಿನ್ನಿಗೆ ಒಂದೇ ಗೆರೆ, ಎರಡೇ ಭಾಗ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ದನಿ ತುದಿಯಿಂದ ಎಡಗಡೆಗೆ ಮಾತ್ರ ಹೋಗುತ್ತದೆ. ಚಿಕ್ಕಪ್ಪ ತುಂಬಿಸುವಾಗ ಹಾಗೇ ಆಗಿದೆ. ಹಾಗಾಗಿ ನಮ್ಮ ಮನೆಯಲ್ಲಿ ಕೆಟ್ಟಿರುವುದು ಎಡಗಡೆ ಸ್ಪೀಕರ್. ಸಿನಿಮಾ ಹಾಡು ಎರಡೂ ಕಡೆ ಇರುತ್ತದೆ, ಬಲಗಡೆ ಒಂದರಲ್ಲೇ ಬಂದರೂ ನಮಗೆ ಗೊತ್ತಾಗುವುದಿಲ್ಲ. ಎಡಗಡೆಯದು ಎಷ್ಟು ದಿನದಿಂದ ಸುಮ್ಮನಿತ್ತೋ! ನಾವು ಒಂದು ಸಲ ಅದಕ್ಕೆ ಕಿವಿ ಇಟ್ಟು ನೋಡಿದ್ದರೆ ತಮ್ಮ ಬೈಸಿಕೊಳ್ಳುತ್ತಿರಲಿಲ್ಲ.

ಸರ್ ಒಂದು ಉಪಾಯವನ್ನೂ ಹೇಳಿಕೊಟ್ಟರು. ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ 'ಮೋನೋ ಆಡಿಯೋ' ಅಂತ ಇರುತ್ತದೆ, ಅದನ್ನು ಹಾಕಿದರೆ ಎರಡೂ ಕಡೆಯದು ಸೇರಿ ಎರಡರಲ್ಲೂ ಬರುತ್ತದೆ. ಸಂಜೆ ಹಾಗೇ ಮಾಡಿದೆ. ಬಲಗಡೆಯಿಂದ ಅಜ್ಜಯ್ಯ ಮಾತಾಡಿದರು, ಸ್ವಲ್ಪ ಮೆಲ್ಲಗೆ. ಅಜ್ಜಿ ಒಳಗಿನಿಂದ ಬಂದವರು ಕಿಟಕಿ ಹತ್ತಿರವೇ ಕೂತರು. ಒಂದು ಗಳಿಗೆ ಕೇಳಿ, "ಎಂತಕೆ ಆಚೆ ಹೋಗಿ ಕೂತ್ರು ಇವರು?" ಎಂದರು.

ನನಗೆ ಆಗ ಹೊಳೆಯಿತು. ಅಜ್ಜಿಗೆ ಪಿನ್ನು, ಗೆರೆ, ಮೋನೋ ಯಾವುದೂ ಗೊತ್ತಿಲ್ಲ. ಆದರೆ ಅಜ್ಜಯ್ಯ ಕಿಟಕಿ ಕಡೆ ಇರುತ್ತಾರೆ ಎನ್ನುವುದು ಮೊದಲಿಂದಲೂ ಗೊತ್ತಿತ್ತು.

ಭಾನುವಾರ ನಾನು, ತಮ್ಮ ಇಬ್ಬರೂ ರಿಪೇರಿಗೆ ಕೂತೆವು. (ಮೊದಲು ಗೋಡೆಯಿಂದ ಪ್ಲಗ್ ಕಿತ್ತಿಡಬೇಕು. ಕರೆಂಟು ಬರುವ ಬಲಗಡೆ ಪೆಟ್ಟಿಗೆಯನ್ನು ನಾವು ಬಿಚ್ಚಲೇ ಇಲ್ಲ, ನೀವೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟು ಉಳಿದಿರಬಹುದಂತೆ.) ಪಾಠದಲ್ಲಿ ಓದಿದ್ದೀವಲ್ಲ, ತಂತಿಯಲ್ಲಿ ವಿದ್ಯುತ್ ಹರಿದರೆ ಅದರ ಸುತ್ತ ಕಾಂತಕ್ಷೇತ್ರ ಉಂಟಾಗುತ್ತದೆ, 1820ರಲ್ಲಿ ಓರ್‌ಸ್ಟೆಡ್ ಕಂಡುಹಿಡಿದದ್ದು. ಸ್ಪೀಕರಿನ ಒಳಗೆ ಇರುವುದೂ ಅದೇ. ಒಂದು ಅಯಸ್ಕಾಂತ, ಅದರ ನಡುವೆ ಸಣ್ಣ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಬಟ್ಟಲು. ಕರೆಂಟು ಹೇಗೆ ಹೇಗೆ ಬದಲಾಗುತ್ತದೋ ಹಾಗೆ ಸುರುಳಿ ಹಿಂದೆ ಮುಂದೆ ಆಡುತ್ತದೆ, ಬಟ್ಟಲು ಗಾಳಿಯನ್ನು ತಳ್ಳುತ್ತದೆ. ಈ ತರಹದ ಸ್ಪೀಕರನ್ನು 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬುವರು ರೂಪಿಸಿದರು. ಅಷ್ಟು ದೊಡ್ಡ ಕೌರವನ ಆರ್ಭಟವೆಲ್ಲ ಒಂದು ಕಾಗದದ ಬಟ್ಟಲಿನಿಂದ ಬರುತ್ತಿತ್ತು ಎಂದು ತಮ್ಮನಿಗೆ ನಂಬಿಕೆಯೇ ಆಗಲಿಲ್ಲ.

ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತೆಗೆದೆವು. ಎಡಗಡೆ ಸ್ಪೀಕರಿನ ತಂತಿಯ ಪಿನ್ನನ್ನು ಬಲಗಡೆಯದರ ಬೆನ್ನಿನಿಂದ ಕಿತ್ತು, ಅದರ ನಡುವಿನ ಕಡ್ಡಿಗೆ ಸೆಲ್ಲಿನ ಒಂದು ತುದಿ, ಹೊರಗಿನ ಉಂಗುರಕ್ಕೆ ಇನ್ನೊಂದು ತುದಿ ಸೇರುವ ಹಾಗೆ ತುಂಡು ವೈರಿನಿಂದ ಮುಟ್ಟಿಸಿದೆವು. ಸರಿ ಇದ್ದರೆ ಟಪ್ ಅನ್ನಬೇಕು. ಅನ್ನಲಿಲ್ಲ. ಆಮೇಲೆ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ಸೀದಾ ಸ್ಪೀಕರಿನ ಎರಡು ಕಿವಿಗೇ ಮುಟ್ಟಿಸಿದೆವು. ಟಪ್! ಬಟ್ಟಲು ಕುಪ್ಪಳಿಸಿತು. ತಮ್ಮ ಹತ್ತು ಸಲ ಟಪ್ ಟಪ್ ಅನ್ನಿಸಿದ, ಸುರುಳಿ ಸುಡುತ್ತದೆ ಎಂದು ನಾನು ಕಿತ್ತುಕೊಂಡೆ. ಸ್ಪೀಕರ್ ಜೀವಂತ ಇದೆ, ಸತ್ತಿರುವುದು ತಂತಿ.

ತಂತಿಯನ್ನು ಬೆರಳಲ್ಲಿ ಹಿಡಿದುಕೊಂಡು ಮೇಜಿನಿಂದ ನೆಲಕ್ಕೆ, ನೆಲದಿಂದ ಕಿಟಕಿಗೆ ನೋಡುತ್ತಾ ಹೋದೆ. ಇಲಿ ಕಡಿದಿರಬೇಕು ಅಂದುಕೊಂಡಿದ್ದೆ. ಕಿಟಕಿಯ ಕೆಳಗೆ ಒಂದು ಕಡೆ ತಂತಿ ಅಪ್ಪಚ್ಚಿಯಾಗಿ ರಿಬ್ಬನ್ನಿನ ಹಾಗೆ ಆಗಿತ್ತು. ಅದರ ಪಕ್ಕ ನೆಲದ ಮೇಲೆ ಉರುಟಾದ ತುಕ್ಕಿನ ಗುರುತು. ಸ್ಟೂಲಿನ ಕಾಲಿನದು. ಆ ಕಾಲಿನ ರಬ್ಬರ್ ಯಾವಾಗಲೋ ಬಿದ್ದುಹೋಗಿದೆ. ದಿನಾ ಸಂಜೆ ಅಜ್ಜಿ ಸ್ಟೂಲನ್ನು ಆ ಸ್ಪೀಕರಿಗೆ ಹತ್ತಿರ, ಇನ್ನೂ ಹತ್ತಿರ ಎಳೆದುಕೊಂಡು ತಂತಿಯ ಮೇಲೇ ಕೂತಿದ್ದಾರೆ.

ನಾನು ತಮ್ಮನ ಮುಖ ನೋಡಿದೆ. ಬೈಸಿಕೊಂಡವನು ಅವನು, ಹೇಳುವ ಹಕ್ಕು ಅವನದು. ಅವನು ತಂತಿ ನೋಡಿದ, ತುಕ್ಕಿನ ಗುರುತು ನೋಡಿದ, "ಹೇಳದು ಬೇಡ" ಎಂದ.

ಕೆಟ್ಟ ಭಾಗ ಕತ್ತರಿಸಿ, ಒಳಗಿನ ಎರಡೂ ಎಳೆಯನ್ನು ಬೇರೆ ಬೇರೆ ಹೆಣೆದು, ಬೇರೆ ಬೇರೆ ಟೇಪು ಸುತ್ತಿದೆವು. ನೆಲದ ಮೇಲೆ ಬಿಡದೆ ಗೋಡೆಗೆ ಮೊಳೆ ಹೊಡೆದು ಮೇಲಿಂದ ಒಯ್ದೆವು. ತಂತಿ ಗಿಡ್ಡ ಆಗಿದ್ದರಿಂದ ಮೇಜನ್ನೇ ಕಿಟಕಿ ಕಡೆ ಸರಿಸಬೇಕಾಯಿತು. ಮೋನೋ ತೆಗೆದೆ. ಸಂಜೆ ಅಜ್ಜಿ ಸ್ಟೂಲು ಎಳೆದುಕೊಂಡು ಕೂತು, "ಎಂಥ ಆಗಿತ್ತೇ?" ಎಂದು ಕೇಳಿದರು. "ತಂತಿ ಹಳೇದಾಗಿತ್ತು ಅಜ್ಜಿ" ಎಂದೆ. ಅಪ್ಪ ತಮ್ಮನಿಗೆ ಏನೂ ಹೇಳಲಿಲ್ಲ, ಮಂಗಳವಾರ ತೀರ್ಥಹಳ್ಳಿ ಪೇಟೆಯಿಂದ ಅವನೊಬ್ಬನಿಗೇ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದರು. ನನಗೆ ಇಲ್ಲ!

42 ನಿಮಿಷವನ್ನು ಈಗ ಎರಡು ಪೆನ್‌ಡ್ರೈವಿಗೆ ಹಾಕಿಟ್ಟಿದ್ದೇನೆ. ಒಂದು ಸರ್ ಹತ್ತಿರ ಇದೆ.

ಓದಿದವರು ದಯವಿಟ್ಟು ನಮ್ಮ ಅಜ್ಜಿಗೆ ಹೇಳಬೇಡಿ. ಅವರು ನಮ್ಮ ಶಾಲೆಗೆ ಬರುವುದು ಓಟು ಹಾಕಲಿಕ್ಕೆ ಮಾತ್ರ, ಅಷ್ಟರೊಳಗೆ ಈ ಹಾಳೆ ಗೋಡೆಯಿಂದ ಇಳಿದಿರುತ್ತದೆ.