ಗಾಲಿಯ ಸದ್ದು

ಬಸದಿಯೊಂದರ ಟ್ರಸ್ಟಿನ ಕಾರಿಗೆ ಹೊಸ ಬ್ರೇಕ್ ಪ್ಯಾಡುಗಳನ್ನು ಹಾಕಿಸಿ, ನಾಲ್ವರು ವೃದ್ಧ ಶ್ರಾವಕರು ಹಾಸನದಿಂದ ವೇಣೂರಿನ ಬಾಹುಬಲಿಯ ದರ್ಶನಕ್ಕೆ ಹೊರಟಿದ್ದರು. ಬೇಲೂರು ದಾಟಿದೊಡನೆ ಮುಂದಿನ ಎಡಗಾಲಿಯಿಂದ ಟಕಟಕನೆ ಸದ್ದು ಬರತೊಡಗಿತು. ದೂರವಾಣಿಯಲ್ಲಿ ವಿಚಾರಿಸಲು ಮೆಕ್ಯಾನಿಕ್, “ಹೊಸ ಪ್ಯಾಡಲ್ಲವೇ ಸ್ವಾಮಿ, ಓಡಿದಂತೆ ಸರಿಹೋಗುತ್ತದೆ” ಎಂದನು. ಅದು ಪೂರ್ಣ ಸುಳ್ಳಲ್ಲ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ತುಸು ಉಜ್ಜುವ ಸದ್ದು ಬರುವುದುಂಟು. ಅರ್ಧಸತ್ಯವನ್ನು ನಂಬುವುದು ಸುಲಭ.

ಚಾಲಕನು ನಂಬಲಿಲ್ಲ. ಹಳ್ಳದಿಣ್ಣೆಗಳಲ್ಲಿ ಬಡಿಯುತ್ತಿದ್ದ ಸದ್ದು, ಬ್ರೇಕನ್ನು ಮೆಲ್ಲನೆ ಒತ್ತಿದರೆ ನಿಲ್ಲುತ್ತಿತ್ತು. ಉಜ್ಜುವ ಸದ್ದಾಗಿದ್ದರೆ ಒತ್ತಿದಾಗ ಹೆಚ್ಚಬೇಕಿತ್ತು. ಪ್ಯಾಡೇ ಸಡಿಲವಾಗಿದೆಯೆಂದು ಊಹಿಸಿ, ಚಾರ್ಮಾಡಿ ಘಾಟಿ ಇಳಿಯಲೊಪ್ಪದೆ ಮೂಡಿಗೆರೆಯಲ್ಲಿ ಗಾಲಿ ಬಿಚ್ಚಿಸಿದನು. ಪ್ಯಾಡನ್ನು ಅಲುಗದಂತೆ ಹಿಡಿದಿಡುವ ಕ್ಲಿಪ್ ಇರಲೇ ಇಲ್ಲ. ಬಿಲ್ಲಿನಲ್ಲಿ ಮಾತ್ರ ಅದರ ಬೆಲೆ ಬರೆದಿತ್ತು!

ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಆ ದೋಷವನ್ನು ಮೆಕ್ಯಾನಿಕ್ ಒಬ್ಬನ ಮೇಲೆಯೇ ಹೊರಿಸುವಂತಿರಲಿಲ್ಲ. ಸಂಜೆಯೊಳಗೆ ಗಾಡಿ ಬೇಕೇಬೇಕೆಂದು ಅವನನ್ನು ಅವಸರಪಡಿಸಿದವರು ಅದೇ ಶ್ರಾವಕರು. ಇದನ್ನು ಮೊದಲು ಬಾಯಿಬಿಟ್ಟು ಹೇಳಿದವರು ಅವರಲ್ಲಿ ಹಿರಿಯರಾದವರೇ.

ಕ್ಲಿಪ್ ಮರುದಿನವೇ ಸಿಗುವುದೆಂದು ತಿಳಿಯಿತು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ಎಲ್ಲರೂ ಮೂಡಿಗೆರೆಯಲ್ಲಿಯೇ ತಂಗಿದರು.